ಊರಿನಲ್ಲಿ ಒಬ್ಬರೇ ಇರುವ ಅಮ್ಮನಿಗೆ ಯಾವ ತಂತ್ರಜ್ಞಾನ ನಿಜವಾಗಿ ಉಪಯೋಗಕ್ಕೆ ಬರುತ್ತದೆ?

ತುಂಗಾತೀರ (ಬೆಂಗಳೂರು)

ನನ್ನ ಅಮ್ಮನಿಗೆ 76 ವರ್ಷ. ತೀರ್ಥಹಳ್ಳಿ ತಾಲ್ಲೂಕಿನಲ್ಲಿ, ಡಾಂಬರು ರಸ್ತೆಯಿಂದ ಸಾಕಷ್ಟು ಒಳಗಿರುವ ಒಂಟಿ ಮನೆಯಲ್ಲಿ ಒಬ್ಬರೇ ಇದ್ದಾರೆ. ಅಪ್ಪ ಹೋದ ಮೇಲೆ ಅವರನ್ನು ಬೆಂಗಳೂರಿಗೆ ಕರೆತರಲು ನಾನೂ ತಮ್ಮನೂ ಪಟ್ಟ ಪಾಡು ಅಷ್ಟಿಷ್ಟಲ್ಲ. ಬಂದರೂ ವಾರ ಕಳೆಯುವುದರೊಳಗೆ ತೋಟ, ಕೊಟ್ಟಿಗೆ, ಹಿತ್ತಿಲು ಎಂದು ಹೊರಟು ನಿಲ್ಲುತ್ತಾರೆ. ಈಗ ಒತ್ತಾಯ ಬಿಟ್ಟಿದ್ದೇವೆ. ಅಲ್ಲೇ ಇರಲಿ, ಆದರೆ ನೆಮ್ಮದಿಯಾಗಿ ಇರಲಿ ಎನ್ನುವುದು ನಮ್ಮ ಆಸೆ.

ಸಮಸ್ಯೆಗಳು ಹೀಗಿವೆ. ಬಿಪಿಗೂ ಸಕ್ಕರೆ ಕಾಯಿಲೆಗೂ ಮಾತ್ರೆ ನಡೆಯುತ್ತಿದೆ. ರಾತ್ರಿಯ ಮಾತ್ರೆ ಆಗಾಗ ಮರೆತುಹೋಗುತ್ತದೆ. ಕಿವಿ ಮಂದವಾಗುತ್ತಿದೆ. ಫೋನಿನಲ್ಲಿ ನಾವು ಹೇಳಿದ್ದು ಅರ್ಧ ತಿಳಿಯದ ಕಾರಣ ‘ಆಯಿತು, ಇಡುತ್ತೇನೆ’ ಎಂದು ಬೇಗ ಮುಗಿಸುತ್ತಾರೆ. ಮೊಬೈಲ್ ಸಿಗ್ನಲ್ ಅಂಗಳದ ತುದಿಗೆ ಹೋದರೆ ಮಾತ್ರ. ಅಪ್ಪ ಕೇಂದ್ರ ಸರ್ಕಾರದ ನೌಕರಿಯಲ್ಲಿದ್ದರು. ಕುಟುಂಬ ಪಿಂಚಣಿ ಮುಂದುವರಿಯಲು ಅಮ್ಮ ಪ್ರತಿ ನವೆಂಬರ್‌ನಲ್ಲಿ ಪೇಟೆಯ ಬ್ಯಾಂಕಿಗೆ ಹೋಗಿ ಜೀವಂತ ಪ್ರಮಾಣಪತ್ರ ಕೊಟ್ಟು ಬರಬೇಕು. ಬಸ್ ಇಳಿದು, ಮೆಟ್ಟಿಲು ಹತ್ತಿ, ಸಾಲಿನಲ್ಲಿ ನಿಂತು ಬರುವಷ್ಟರಲ್ಲಿ ಮಂಡಿ ಊದಿರುತ್ತದೆ.

ತಮ್ಮನ ಪ್ರಕಾರ ಇದಕ್ಕೆಲ್ಲ ಕ್ಯಾಮೆರಾ ಹಾಕಿಸುವುದೇ ಪರಿಹಾರ. ಜಗಲಿ, ನಡುಮನೆ, ಅಡುಗೆಮನೆ, ಮಲಗುವ ಕೋಣೆ ಎಲ್ಲ ಕಡೆ. ಅಮ್ಮನಿಗೆ ಹೇಳಿದಾಗ ಅವರು ಏನೂ ಮಾತನಾಡಲಿಲ್ಲ. ಅದು ಒಪ್ಪಿಗೆ ಎಂದು ನನಗೆ ಅನಿಸಲಿಲ್ಲ.

ಹಿರಿಯರ ಮನೆಯಲ್ಲಿ ಯಾವುದು ಬಳಕೆಯಲ್ಲಿ ಉಳಿಯಿತು, ಯಾವುದು ಮೂಲೆ ಸೇರಿತು ಎಂದು ಕಂಡವರು ದಯವಿಟ್ಟು ಹೇಳಿ. ಅಂಗಡಿಯವರ ಮಾತು ಸಾಕಷ್ಟು ಕೇಳಿದ್ದೇನೆ.

ಕಡಲಾಚೆ (ನ್ಯೂಜೆರ್ಸಿ)

ನಿಮ್ಮ ತಮ್ಮನ ಪರವಾಗಿ ಎರಡು ಮಾತು. ನನ್ನ ಅಪ್ಪ ಅಮ್ಮ ಶಿವಮೊಗ್ಗದಲ್ಲಿದ್ದಾರೆ, ನಾನು ಇಲ್ಲಿ. ಒಮ್ಮೆ ಅಪ್ಪ ಬೆಳಗಿನ ಜಾವ ನಡುಮನೆಯಲ್ಲಿ ಕುಸಿದು ಬಿದ್ದರು. ಅಮ್ಮ ಗಾಢ ನಿದ್ರೆಯಲ್ಲಿದ್ದರು. ನಮಗಿಲ್ಲಿ ಸಂಜೆ. ಕ್ಯಾಮೆರಾದಲ್ಲಿ ನೋಡಿದ ನಾನೇ ಪಕ್ಕದ ಮನೆಯವರಿಗೆ ಫೋನ್ ಮಾಡಿ ಎಬ್ಬಿಸಿ ಕಳುಹಿಸಿದೆ. ಅಂದು ಅದು ಇಲ್ಲದೆ ಹೋಗಿದ್ದರೆ ಬೆಳಕು ಹರಿಯುವವರೆಗೂ ಅವರು ತಣ್ಣನೆಯ ನೆಲದ ಮೇಲೇ ಇರುತ್ತಿದ್ದರು. ಖಾಸಗಿತನದ ಮಾತು ನನಗೂ ಅರ್ಥವಾಗುತ್ತದೆ. ಆದರೆ ಜೀವ ಮೊದಲು.

ಅಕ್ಕೋರು (ಶಿರಸಿ)

ನನಗೆ 73. ಪ್ರಾಥಮಿಕ ಶಾಲೆಯಲ್ಲಿ ಅಕ್ಕೋರಾಗಿದ್ದು ನಿವೃತ್ತಿಯಾದವಳು. ಒಬ್ಬಳೇ ಇದ್ದೇನೆ. ಈ ಚರ್ಚೆ ನನ್ನಂಥವರ ಬಗ್ಗೆಯೇ ಆದ್ದರಿಂದ ಬರೆಯುತ್ತಿದ್ದೇನೆ. ಬೆರಳು ನಡುಗುವುದರಿಂದ ಬರೆಯುವುದು ಎಂದರೆ ಫೋನಿನ ಮೈಕ್ ಗುರುತು ಒತ್ತಿ ಕನ್ನಡದಲ್ಲಿ ಮಾತನಾಡುವುದು; ಅದೇ ಅಕ್ಷರವಾಗುತ್ತದೆ, ತಪ್ಪು ಬಿದ್ದಲ್ಲಿ ತಿದ್ದುತ್ತೇನೆ.

ಕಡಲಾಚೆಯ ಮಗನೇ, ನಿನ್ನ ಅಪ್ಪನಿಗೆ ಸಹಾಯವಾಯಿತು ಎಂದು ಕೇಳಿ ಸಮಾಧಾನವಾಯಿತು. ಆದರೂ ನನ್ನ ಮಾತು ಕೇಳು. ಮಲಗುವ ಕೋಣೆಯಲ್ಲಿ ಕ್ಯಾಮೆರಾ ಇದ್ದರೆ ನಾನು ಸೀರೆ ಬದಲಿಸಲು ಎಲ್ಲಿಗೆ ಹೋಗಲಿ? ಸೆಕೆಗೆ ಸೆರಗು ಸರಿಸಿ ಕುಳಿತುಕೊಳ್ಳುವುದು, ಒಬ್ಬಳೇ ಮಾತನಾಡಿಕೊಳ್ಳುವುದು, ಯಜಮಾನರ ಫೋಟೊದ ಮುಂದೆ ಒಂದು ಗಳಿಗೆ ಅಳುವುದು, ಇವೆಲ್ಲ ನಾನು ನನ್ನ ಮನೆಯಲ್ಲಿ ಇರುವ ರೀತಿ. ಅದನ್ನು ಯಾರೋ ನೋಡುತ್ತಿರಬಹುದು ಎಂದಾದರೆ ಅದು ನನ್ನ ಮನೆಯಾಗಿ ಉಳಿಯುವುದಿಲ್ಲ. ಮಕ್ಕಳ ಆತಂಕ ಕಡಿಮೆಯಾಗಲು ತಂದ ವಸ್ತು ಬೇರೆ, ನಮಗೆ ಅನುಕೂಲವಾಗಲು ತಂದ ವಸ್ತು ಬೇರೆ. ಎರಡೂ ಬೇಕಾಗಬಹುದು. ಆದರೆ ಮೊದಲನೆಯದನ್ನು ತಂದು ಎರಡನೆಯದರ ಹೆಸರು ಹೇಳಬೇಡಿ.

ನನಗೆ ನಿಜವಾಗಿ ಅನುಕೂಲವಾದದ್ದನ್ನು ಹೇಳುತ್ತೇನೆ. ನಾನು ಫೋನ್ ಮುಟ್ಟಿದರೆ ಅದು ಕೇಳುತ್ತಲೇ ಇರಲಿಲ್ಲ, ಇಲ್ಲವೇ ಚಿತ್ರಗಳೆಲ್ಲ ಅಲ್ಲಾಡಿ ಯಾವುದೋ ಒಂದು ಮಾಯವಾಗುತ್ತಿತ್ತು. ನನಗೆ ಇದು ಬರುವುದಿಲ್ಲ ಎಂದು ದೂರವಿಟ್ಟಿದ್ದೆ. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಬಂದು ಕಾರಣ ಹುಡುಕಿದಳು. ವಯಸ್ಸಾದವರ ಬೆರಳಿನ ಚರ್ಮ ಒಣಗಿರುತ್ತದೆ, ಪರದೆಗೆ ಸ್ಪರ್ಶ ಸರಿಯಾಗಿ ತಿಳಿಯುವುದಿಲ್ಲ. ತಿಳಿಯಲಿಲ್ಲವೆಂದು ನಾವು ಗಟ್ಟಿಯಾಗಿ, ಹೆಚ್ಚು ಹೊತ್ತು ಒತ್ತುತ್ತೇವೆ. ಆಗ ಫೋನ್ ಅದನ್ನು ಬೇರೆಯೇ ಆಜ್ಞೆ ಎಂದುಕೊಳ್ಳುತ್ತದೆ. ಅವಳು ಸೆಟ್ಟಿಂಗ್ಸ್‌ನಲ್ಲಿ ಆಕ್ಸೆಸಿಬಿಲಿಟಿ ಎಂಬಲ್ಲಿಗೆ ಹೋಗಿ, ಬೆರಳನ್ನು ಎಷ್ಟು ಹೊತ್ತು ಒತ್ತಿ ಹಿಡಿದರೆ ಫೋನ್ ಅದನ್ನು ಬೇರೆ ಆಜ್ಞೆ ಎಂದುಕೊಳ್ಳಬೇಕು ಎನ್ನುವ ಅವಧಿಯನ್ನು ಉದ್ದ ಮಾಡಿದಳು. ಮುಖಪುಟದ ಚಿತ್ರಗಳು ಕದಲದಂತೆ ಬೀಗ ಹಾಕಿದಳು. ಅಕ್ಷರ ದೊಡ್ಡದು ಮಾಡಿ, ಬೇಡದ್ದನ್ನೆಲ್ಲ ತೆಗೆದು, ಆರೇ ಆರು ಗುರುತು ಉಳಿಸಿದಳು. ಅಂದಿನಿಂದ ಫೋನ್ ನನ್ನ ಮಾತು ಕೇಳುತ್ತಿದೆ. ನಮ್ಮಿಂದ ಆಗುವುದಿಲ್ಲ ಎಂದು ನಾವು ಎಂದೋ ಒಪ್ಪಿಕೊಂಡುಬಿಟ್ಟಿರುತ್ತೇವೆ. ಅದಕ್ಕೆ ವಯಸ್ಸು ಕಾರಣವಲ್ಲ, ಫೋನನ್ನು ಇಪ್ಪತ್ತು ವರ್ಷದವರ ಬೆರಳಿಗೆ ಹೊಂದಿಸಿಟ್ಟಿರುವುದು ಕಾರಣ.

ರಾತ್ರಿಯ ಮಾತ್ರೆಗೆ ಇನ್ನೊಂದು ಉಪಾಯ. ಗಡಿಯಾರದ ಆ್ಯಪ್‌ನಲ್ಲಿ ಅಲಾರಾಂ ಸದ್ದಿನ ಬದಲು ನಾವೇ ಧ್ವನಿಮುದ್ರಿಸಿದ ಕಡತವನ್ನು ಇಡಬಹುದು. ನನ್ನ ಮೊಮ್ಮಗಳ ಧ್ವನಿ ಇಟ್ಟಿದ್ದಾರೆ. ‘ಅಜ್ಜಿ, ಊಟ ಆಯಿತಾ? ಬಿಳಿ ಮಾತ್ರೆ ತೆಗೆದುಕೋ’ ಎನ್ನುತ್ತಾಳೆ. ಗಂಟೆಯ ಸದ್ದನ್ನು ನಾನು ಆಫ್ ಮಾಡಿ ಮರೆಯುತ್ತಿದ್ದೆ. ಅವಳ ಮಾತನ್ನು ಮರೆಯಲು ಬರುವುದಿಲ್ಲ.

ಕಡಲಾಚೆ (ನ್ಯೂಜೆರ್ಸಿ)

ಅಕ್ಕೋರೇ, ನೀವು ಹೇಳಿದ್ದನ್ನು ನನ್ನ ಹೆಂಡತಿಗೂ ಓದಿ ಹೇಳಿದೆ. ನಮ್ಮ ಮನೆಯಲ್ಲಿ ಕ್ಯಾಮೆರಾ ನಡುಮನೆಯಲ್ಲಿ ಒಂದೇ ಇರುವುದು. ಅದರ ಮುಖ ಹೊರಬಾಗಿಲ ಕಡೆಗೆ. ಅದನ್ನು ಆರಿಸುವ ಸ್ವಿಚ್ ಅಮ್ಮನ ಕೈಗೆಟುಕುವಲ್ಲಿಯೇ ಇದೆ, ನೆಂಟರು ಬಂದಾಗ ಅವರೇ ಆರಿಸುತ್ತಾರೆ. ಇದನ್ನು ಮೊದಲೇ ಬರೆಯಬೇಕಿತ್ತು. ತುಂಗಾತೀರ ಅವರೇ, ಒಂದು ವೇಳೆ ಹಾಕಿಸುವುದಾದರೆ ಜಗಲಿಗೆ ಒಂದು ಸಾಕು. ಸ್ವಿಚ್ ಅಮ್ಮನ ಕೈಯಲ್ಲಿರಲಿ.

ಬಿಸಿಲುಮಳೆ (ಸಾಗರ)

ಊರೂರಿಗೆ ಹೋಗಿ ಫೈಬರ್ ಇಂಟರ್‌ನೆಟ್ ಜೋಡಿಸುವುದು ನನ್ನ ಕೆಲಸ. ಮಲೆನಾಡಿನ ಮಟ್ಟಿಗೆ ಮೊದಲ ಪ್ರಶ್ನೆ ಸಿಗ್ನಲ್. ಅದಿಲ್ಲದೆ ಉಳಿದದ್ದೆಲ್ಲ ಬರಿಯ ಮಾತು.

ನಿಮ್ಮ ಊರಿಗೆ ಫೈಬರ್ ಬಂದಿದೆಯೇ ವಿಚಾರಿಸಿ. ತಾಲ್ಲೂಕಿನ ಹಲವು ಹಳ್ಳಿಗಳಿಗೆ ಬಂದಿದೆ. ಮನೆಯೊಳಗೆ ವೈ-ಫೈ ಆದರೆ ಮೊಬೈಲ್ ಗೋಪುರ ಎಷ್ಟು ದೂರವಿದ್ದರೂ ಪರವಾಗಿಲ್ಲ. ಜಿಯೊ, ಏರ್‌ಟೆಲ್ ಸಿಮ್‌ಗಳಲ್ಲಿ ವೈ-ಫೈ ಕಾಲಿಂಗ್ ಎಂಬ ಆಯ್ಕೆಯನ್ನು ಒಮ್ಮೆ ಆನ್ ಮಾಡಿಟ್ಟರೆ ಮಾಮೂಲಿ ಕರೆಯೇ ವೈ-ಫೈ ಮೂಲಕ ಬರುತ್ತದೆ, ಹೋಗುತ್ತದೆ. ಅಮ್ಮ ಹೊಸದಾಗಿ ಏನನ್ನೂ ಕಲಿಯಬೇಕಾಗಿಲ್ಲ. ಮಳೆಯಲ್ಲಿ ಅಂಗಳದ ತುದಿಗೆ ನಡೆಯುವುದು ತಪ್ಪುತ್ತದೆ. ಜಾರಿ ಬೀಳುವ ಜಾಗಗಳಲ್ಲಿ ಪಾಚಿ ಕಟ್ಟಿದ ಅಂಗಳಕ್ಕೇ ಮೊದಲ ಸ್ಥಾನ ಅಲ್ಲವೇ?

ಎರಡನೆಯದು ಕರೆಂಟು. ಆಷಾಢದಲ್ಲಿ ದಿನಗಟ್ಟಲೆ ಇರುವುದಿಲ್ಲ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ರೂಟರ್‌ಗೆಂದೇ ಹನ್ನೆರಡು ವೋಲ್ಟ್‌ನ ಪುಟ್ಟ ಯುಪಿಎಸ್ ಸಿಗುತ್ತದೆ. ಕೆಲವು ಗಂಟೆ ನಡೆಸುತ್ತದೆ. ಮನೆಯಲ್ಲಿ ಇನ್ವರ್ಟರ್ ಇದ್ದರೆ ಅದಕ್ಕೇ ಜೋಡಿಸಿ. ಮೂರನೆಯದು ಸಿಡಿಲು. ಏಪ್ರಿಲ್, ಮೇ ತಿಂಗಳ ಸಂಜೆ ಮಳೆಗೆ ನಾನು ಬದಲಿಸುವ ರೂಟರ್‌ಗಳಿಗೆ ಲೆಕ್ಕವಿಲ್ಲ. ಫೈಬರ್ ಎಂದರೆ ಗಾಜಿನ ಎಳೆ, ಅದರೊಳಗೆ ವಿದ್ಯುತ್ ಹರಿಯುವುದಿಲ್ಲ. ಸಿಡಿಲಿನ ಹೊಡೆತ ಬರುವುದು ಕರೆಂಟಿನ ತಂತಿಯಿಂದ. ಆದ್ದರಿಂದ ಮೋಡ ಕಟ್ಟಿದಾಗಲೇ ಪ್ಲಗ್ ಕೀಳಬೇಕು. ಪ್ಲಗ್ ನೆಲದ ಬಳಿ, ಬೀರುವಿನ ಹಿಂದೆ ಇದ್ದರೆ ಹಿರಿಯರು ಬಗ್ಗಲಾರರು. ಎದೆಯೆತ್ತರದಲ್ಲಿ ಹೊಸ ಸಾಕೆಟ್ ಹಾಕಿಸಿ.

ಮಾತ್ರೆಚೀಟಿ (ದಾವಣಗೆರೆ)

ಕುಟುಂಬ ವೈದ್ಯನಾಗಿ ಬರೆಯುತ್ತಿದ್ದೇನೆ. ಹಿರಿಯರಿಗೆ ತಂತ್ರಜ್ಞಾನ ಎಂದ ಕೂಡಲೇ ಎಲ್ಲರೂ ಸ್ಮಾರ್ಟ್ ವಾಚ್ ಕೇಳುತ್ತಾರೆ. ಬಿದ್ದರೆ ತಾನೇ ಗುರುತಿಸಿ ಕರೆ ಮಾಡುವ ಗಡಿಯಾರಗಳು ಇವೆ, ನಿಜ. ಆ್ಯಪಲ್ ಗಡಿಯಾರದಲ್ಲಿ ಈ ಸೌಲಭ್ಯ 2018ರಿಂದಲೇ ಇದೆ. ಆದರೆ ಕರೆ ಹೋಗಲು ನೆಟ್‌ವರ್ಕ್ ಬೇಕು, ಪದೇ ಪದೇ ಚಾರ್ಜ್ ಮಾಡಬೇಕು, ಗೋಡೆ ಹಿಡಿದು ಮೆಲ್ಲಗೆ ಕುಸಿದರೆ ಅದಕ್ಕೆ ಗೊತ್ತಾಗದೆಯೂ ಇರಬಹುದು. ನಿಮ್ಮ ಅಮ್ಮನ ಮನೆಗೆ ಅದು ಮೊದಲ ಖರ್ಚಲ್ಲ.

ಮೊದಲ ಖರ್ಚು ದೀಪ. ಮನುಷ್ಯರ ಚಲನೆ ಕಂಡೊಡನೆ ತಾನೇ ಹೊತ್ತಿಕೊಳ್ಳುವ ಪುಟ್ಟ ಸೆನ್ಸರ್ ದೀಪಗಳು ಸಿಗುತ್ತವೆ, ಚಾರ್ಜ್ ಮಾಡುವಂಥವೂ ಇವೆ. ಮಂಚದ ಬುಡದಿಂದ ಬಚ್ಚಲಿನವರೆಗೆ ದಾರಿಯುದ್ದಕ್ಕೂ ಅಂಟಿಸಿ. ಸ್ವಿಚ್ ತಡಕಾಡುವ ಆ ನಾಲ್ಕು ಹೆಜ್ಜೆಗಳಲ್ಲಿ ಮುರಿದ ಸೊಂಟಗಳನ್ನು ನಾನು ಕಂಡಿದ್ದೇನೆ. ಬಿಪಿ ಮಾತ್ರೆ ನುಂಗುವವರು ರಾತ್ರಿ ದಡಕ್ಕನೆ ಎದ್ದರೆ ರಕ್ತದೊತ್ತಡ ಇಳಿದು ಕಣ್ಣು ಕತ್ತಲೆ ಬರುವುದುಂಟು. ಮಂಚದ ಅಂಚಿನಲ್ಲಿ ಒಂದು ನಿಮಿಷ ಕುಳಿತು ಏಳಲು ಹೇಳಿ. ಬಚ್ಚಲಿನ ಗೋಡೆಗೆ ಗಟ್ಟಿಯಾದ ಹಿಡಿಕೆ ಹಾಕಿಸಿ. ಟವೆಲ್ ಹಾಕುವ ಕಂಬಿಯನ್ನು ನಂಬಬೇಡಿ.

ಎರಡನೆಯ ಖರ್ಚು ಬಿಪಿ ಯಂತ್ರ. ಮಣಿಕಟ್ಟಿಗೆ ಕಟ್ಟುವುದು ಬೇಡ, ತೋಳಿಗೆ ಕಟ್ಟುವುದನ್ನೇ ಕೊಳ್ಳಿ. ಪಟ್ಟಿ ತೋಳಿನ ಸುತ್ತಳತೆಗೆ ಹೊಂದಬೇಕು. ತೋಳಿಗೆ ಚಿಕ್ಕದಾದರೆ ಅಂಕಿ ಹೆಚ್ಚು ತೋರಿಸುತ್ತದೆ. ಅಳೆಯುವುದಕ್ಕೆ ಅರ್ಧ ಗಂಟೆ ಮೊದಲಿನಿಂದ ಕಾಫಿ ಬೇಡ. ಬೆನ್ನಿಗೆ ಆಸರೆಯಿರುವ ಕುರ್ಚಿಯಲ್ಲಿ ಐದು ನಿಮಿಷ ಸುಮ್ಮನೆ ಕುಳಿತು, ಪಾದ ನೆಲಕ್ಕೂರಿ, ಕೈಯನ್ನು ಎದೆಯ ಮಟ್ಟದಲ್ಲಿ ಮೇಜಿನ ಮೇಲಿಟ್ಟು, ಮಾತನಾಡದೆ ಅಳೆಯಬೇಕು. ಒಂದು ನಿಮಿಷ ಬಿಟ್ಟು ಇನ್ನೊಮ್ಮೆ. ಬರುವ ಅಂಕಿಗಳನ್ನು ಯಂತ್ರವೇ ನೆನಪಿಟ್ಟುಕೊಳ್ಳುತ್ತದೆ. ಒಂದು ವಾರದ ಅಂಕಿಗಳನ್ನು ತೋರಿಸಿದರೆ, ನನ್ನ ಮುಂದೆ ಗಾಬರಿಯಲ್ಲಿ ಕುಳಿತಾಗ ಸಿಗುವ ಒಂದು ಅಂಕಿಗಿಂತ ನನಗೆ ಎಷ್ಟೋ ಉಪಯೋಗ.

ದೂರದಿಂದಲೇ ವೈದ್ಯರನ್ನು ಕಾಣಲು ಸರ್ಕಾರದ ಇ-ಸಂಜೀವನಿ ಇದೆ. ಕೋವಿಡ್ ಕಾಲದಲ್ಲಿ, 2020ರಲ್ಲಿ, ಮನೆಯಿಂದಲೇ ಬಳಸುವಂತಾಯಿತು. ಅಮ್ಮನಿಗೆ ಆ್ಯಪ್ ಕಷ್ಟವಾದರೆ ಹತ್ತಿರದ ಆರೋಗ್ಯ ಉಪಕೇಂದ್ರದಲ್ಲಿರುವ ಸಮುದಾಯ ಆರೋಗ್ಯ ಅಧಿಕಾರಿಯನ್ನು ಕೇಳಿ. ಅವರೇ ವೀಡಿಯೊದಲ್ಲಿ ವೈದ್ಯರನ್ನು ಸಂಪರ್ಕಿಸಿ ಕೊಡುತ್ತಾರೆ. ಎದೆನೋವು, ಬಾಯಿ ಸೊಟ್ಟಗಾಗುವುದು, ಮಾತು ತೊದಲುವುದು ಇಂಥವಕ್ಕೆ ಇದೆಲ್ಲ ಅಲ್ಲ. ಆಗ ತಡಮಾಡದೆ 108.

ಕೇಳುಗಿವಿ (ಮೈಸೂರು)

ಶ್ರವಣ ತಜ್ಞೆಯಾಗಿ ಕೆಲಸ ಮಾಡುತ್ತಿದ್ದೇನೆ. ತುಂಗಾತೀರ ಅವರು ಬರೆದದ್ದರಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ‘ಆಯಿತು, ಇಡುತ್ತೇನೆ’ ಎಂಬ ಮಾತು. ಕಿವಿ ಮಂದವಾದವರು ಮೊದಲು ಬಿಡುವುದು ಫೋನ್. ಆಮೇಲೆ ಮದುವೆ ಮನೆ, ಆಮೇಲೆ ಪಕ್ಕದ ಮನೆ. ಮನೆಯವರು ಅದನ್ನು ಮರೆವು ಎಂದೋ ಬೇಸರ ಎಂದೋ ತಿಳಿಯುತ್ತಾರೆ. ಮರೆಗುಳಿತನದ ಅಪಾಯ ಹೆಚ್ಚಿಸುವ, ಆದರೆ ನಾವು ತಡೆಯಬಹುದಾದ 14 ಕಾರಣಗಳನ್ನು ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ಆಯೋಗದ 2024ರ ವರದಿ ಪಟ್ಟಿ ಮಾಡಿದೆ. ಶ್ರವಣ ದೋಷ ಅವುಗಳಲ್ಲಿ ಒಂದು. ಹಾಗಾಗಿ ಕಿವಿಯ ಪರೀಕ್ಷೆಯನ್ನು ಮುಂದಿನ ವರ್ಷಕ್ಕೆ ದೂಡಬೇಡಿ.

ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ಇದೆ, ಕೇಂದ್ರ ಆರೋಗ್ಯ ಸಚಿವಾಲಯದ ಸಂಸ್ಥೆ. ದೂರವಾದರೆ ಶಿವಮೊಗ್ಗದಲ್ಲಿಯೇ ತೋರಿಸಿ, ಆದರೆ ಪರೀಕ್ಷೆ ಇಲ್ಲದೆ ಆನ್‌ಲೈನ್‌ನಲ್ಲಿ ಧ್ವನಿವರ್ಧಕ ಕೊಳ್ಳಬೇಡಿ. ಅವು ಎಲ್ಲ ಸದ್ದನ್ನೂ ಒಂದೇ ಸಮನೆ ಹೆಚ್ಚಿಸುತ್ತವೆ. ನಿಜವಾದ ಶ್ರವಣ ಯಂತ್ರವನ್ನು ಅಮ್ಮನಿಗೆ ಯಾವ ಸ್ವರ ಕೇಳುವುದಿಲ್ಲವೋ ಅದಕ್ಕೆ ತಕ್ಕಂತೆ ಹೊಂದಿಸುತ್ತಾರೆ. ಆದಾಯ ಕಡಿಮೆಯಿರುವ 60 ದಾಟಿದವರಿಗೆ ಕೇಂದ್ರದ ರಾಷ್ಟ್ರೀಯ ವಯೋಶ್ರೀ ಯೋಜನೆಯಲ್ಲಿ ಶ್ರವಣ ಯಂತ್ರ, ಊರುಗೋಲು ಮೊದಲಾದವು ಉಚಿತವಾಗಿ ಸಿಗುತ್ತವೆ; ಶಿಬಿರಗಳ ಬಗ್ಗೆ ಜಿಲ್ಲೆಯ ಹಿರಿಯ ನಾಗರಿಕರ ಇಲಾಖೆಯಲ್ಲಿ ಕೇಳಬಹುದು.

ಕಿವಿಯೊಳಗೆ ಕಾಣದಂತೆ ಕೂರುವ ಚಿಕ್ಕ ಯಂತ್ರಕ್ಕೆ ಮಕ್ಕಳು ಆಸೆಪಡುತ್ತಾರೆ. ಅದರ ಬ್ಯಾಟರಿ ಬದಲಿಸುವುದು ನಡುಗುವ ಬೆರಳಿಗೆ ಕಷ್ಟ. ಕಿವಿಯ ಹಿಂದೆ ಕೂರುವುದು ಹಿಡಿಯಲು ಸುಲಭ. ರಾತ್ರಿ ಚಾರ್ಜ್ ಮಾಡಿಡುವಂಥದ್ದಾದರೆ ಇನ್ನೂ ಸುಲಭ. ಹಾಕಿದ ದಿನವೇ ಎಲ್ಲ ಸರಿಹೋಗುವುದಿಲ್ಲ. ವರ್ಷಗಳಿಂದ ಕೇಳದ ಪಾತ್ರೆಯ ಸದ್ದು, ಫ್ಯಾನಿನ ಸದ್ದು, ಹೆಂಚಿನ ಮೇಲಿನ ಮಳೆ ಎಲ್ಲವೂ ಒಮ್ಮೆಲೇ ನುಗ್ಗುತ್ತವೆ. ‘ಗಲಾಟೆ, ನನಗೆ ಬೇಡ’ ಎಂದು ತೆಗೆದಿಡುವುದು ಈ ಹಂತದಲ್ಲಿಯೇ. ಮೊದಲು ದಿನಕ್ಕೆ ಒಂದೆರಡು ಗಂಟೆ, ಮನೆಯೊಳಗೆ, ಒಬ್ಬರ ಜೊತೆ ಮಾತನಾಡುವಾಗ ಹಾಕಿಕೊಳ್ಳಲಿ. ನಂತರ ಹೆಚ್ಚಿಸಿ. ಮತ್ತೆ ಹೊಂದಿಸಿಕೊಳ್ಳಲು ತಜ್ಞರ ಬಳಿಗೆ ಹೋಗಲೇಬೇಕು.

ಮಲೆನಾಡಿನ ತೇವಕ್ಕೆ ಇವು ಬೇಗ ಕೆಡುತ್ತವೆ. ರಾತ್ರಿ ತೆಗೆದ ಮೇಲೆ ಸಿಲಿಕಾ ಜೆಲ್ ಇರುವ ಮುಚ್ಚಳದ ಡಬ್ಬಿಯಲ್ಲಿಡಿ. ಜೆಲ್ ಬಣ್ಣ ಬದಲಾದರೆ ಅದರ ಕಾಲ ಮುಗಿಯಿತು ಎಂದು ಅರ್ಥ.

ಚಾವಡಿ (ಧಾರವಾಡ)

ಬ್ಯಾಂಕಿನಿಂದ ನಿವೃತ್ತನಾದವನು. ಹಣದ ವಿಷಯ ಯಾರೂ ಎತ್ತಿಲ್ಲವಲ್ಲ ಎಂದು ಬರೆಯುತ್ತಿದ್ದೇನೆ.

ಹಿರಿಯರ ಕೈಗೆ ಯುಪಿಐ ಕೊಡಲು ಮಕ್ಕಳು ಹೆದರುತ್ತಾರೆ. ಹೆದರಿಕೆಗೆ ಕಾರಣವಿದೆ. ಆದರೆ ಕೊಡದಿದ್ದರೆ ಔಷಧಿ ಅಂಗಡಿಗೂ ಗ್ಯಾಸ್ ಸಿಲಿಂಡರ್‌ಗೂ ಅವರು ಇನ್ನೊಬ್ಬರನ್ನು ಕಾಯಬೇಕು. ನಾನು ಹೇಳುವ ದಾರಿ ಎರಡು ಖಾತೆ. ಪಿಂಚಣಿ ಬರುವ ಖಾತೆಗೆ ಯುಪಿಐ ಬೇಡ. ತಿಂಗಳ ಖರ್ಚಿನಷ್ಟೇ ಹಣವಿರುವ ಇನ್ನೊಂದು ಖಾತೆಗೆ ಮಾತ್ರ ಇರಲಿ. ಏನಾದರೂ ಆದರೆ ಹೋಗುವುದು ಆ ಚಿಕ್ಕ ಮೊತ್ತ ಮಾತ್ರ. 2024ರಲ್ಲಿ ಯುಪಿಐ ಸರ್ಕಲ್ ಎಂಬ ವ್ಯವಸ್ಥೆಯೂ ಬಂದಿದೆ: ನಿಮ್ಮ ಖಾತೆಯಿಂದ ಅಮ್ಮ ಪಾವತಿಸಬಹುದು. ಪ್ರತಿ ಪಾವತಿಗೂ ನೀವು ಒಪ್ಪಿಗೆ ಕೊಡುವ ಬಗೆ ಒಂದು. ತಿಂಗಳಿಗೆ ಗರಿಷ್ಠ 15,000 ರೂಪಾಯಿಯ ಮಿತಿಯೊಳಗೆ ಅವರೇ ಖರ್ಚು ಮಾಡುವ ಬಗೆ ಇನ್ನೊಂದು. ಆದರೆ ಸ್ವಂತ ಪಿಂಚಣಿ ಇರುವ ಹೆಣ್ಣುಮಗಳು ಕಾಯಿಪಲ್ಲೆಗೆ ಮಗಳ ಅನುಮತಿ ಕೇಳುವಂತಾಗಬಾರದು. ನನ್ನ ಒಲವು ಎರಡು ಖಾತೆಯ ಕಡೆಗೇ.

ಇನ್ನು ವಂಚಕರು. ಹಣ ಪಡೆಯಲು ಯುಪಿಐ ಪಿನ್ ಒತ್ತುವ ಅಗತ್ಯ ಎಂದಿಗೂ ಇಲ್ಲ. ಇದನ್ನು ದಪ್ಪ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿ. ವಾಟ್ಸ್‌ಆ್ಯಪ್‌ನಲ್ಲಿ ಮದುವೆ ಕರೆಯೋಲೆ ಎಂದು ಬರುವ, ಎಪಿಕೆ ಎಂದು ಕೊನೆಗೊಳ್ಳುವ ಕಡತವನ್ನು (ಅದು ಕರೆಯೋಲೆಯಲ್ಲ, ಫೋನಿಗೆ ಸೇರಿಕೊಳ್ಳುವ ಆ್ಯಪ್) ತೆರೆಯಬಾರದು. ಕರೆಂಟ್ ಬಿಲ್ ಬಾಕಿಯಿದೆ, ಇಂದು ರಾತ್ರಿಯೇ ಸಂಪರ್ಕ ಕಡಿತ ಎಂಬ ಸಂದೇಶಕ್ಕೆ ಉತ್ತರಿಸಬಾರದು. ಎಲ್ಲಕ್ಕಿಂತ ಕ್ರೂರವಾದದ್ದು ಡಿಜಿಟಲ್ ಅರೆಸ್ಟ್. ಪೊಲೀಸ್ ಉಡುಪಿನವನು ವೀಡಿಯೊ ಕರೆಯಲ್ಲಿ ಬಂದು, ನಿಮ್ಮ ಆಧಾರ್ ಯಾವುದೋ ಅಪರಾಧದಲ್ಲಿ ಸಿಕ್ಕಿದೆ, ಕರೆ ಕತ್ತರಿಸಿದರೆ ಬಂಧನ, ಮಕ್ಕಳಿಗೂ ಹೇಳುವಂತಿಲ್ಲ ಎಂದು ಗಂಟೆಗಟ್ಟಲೆ ಕೂರಿಸುತ್ತಾನೆ. ಜೀವಮಾನವಿಡೀ ಕಾನೂನಿಗೆ ತಲೆಬಾಗಿ ಬದುಕಿದವರೇ ಇದಕ್ಕೆ ಬಲಿಯಾಗುವುದು. ಅದಕ್ಕೇ ನನಗೆ ಇಷ್ಟು ಸಿಟ್ಟು. ನಮ್ಮ ಕಾನೂನಿನಲ್ಲಿ ಅಂಥದ್ದೊಂದು ಬಂಧನವೇ ಇಲ್ಲ ಎಂದು ಪ್ರಧಾನಿಯೇ 2024ರ ಅಕ್ಟೋಬರ್‌ನಲ್ಲಿ ಮನ್ ಕಿ ಬಾತ್‌ನಲ್ಲಿ ಹೇಳಬೇಕಾಯಿತು. ‘ಯಾರಿಗೂ ಹೇಳಬೇಡಿ’ ಎಂದು ಯಾರಾದರೂ ಹೇಳಿದರೆ, ಮೊದಲು ಹೇಳಬೇಕಾದದ್ದು ಮಗಳಿಗೆ. ಹಣ ಹೋಗಿದೆ ಎಂದು ತಿಳಿದ ಕ್ಷಣವೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಬೇಗ ದೂರು ಕೊಟ್ಟಷ್ಟೂ ಹಣ ತಡೆಹಿಡಿಯುವ ಅವಕಾಶ ಹೆಚ್ಚು. ಬೈಯಬೇಡಿ. ಬೈಗುಳಕ್ಕೆ ಹೆದರಿಯೇ ಎಷ್ಟೋ ಹಿರಿಯರು ಆ ಅಮೂಲ್ಯ ಗಂಟೆಗಳನ್ನು ಬಾಯಿಬಿಡದೆ ಕಳೆದುಬಿಡುತ್ತಾರೆ.

ಅಂಚೆಚೀಲ (ಹಾಸನ)

ನಾನು ಅಂಚೆಯಣ್ಣ. ಜೀವಂತ ಪ್ರಮಾಣಪತ್ರಕ್ಕಾಗಿ ಅಮ್ಮ ಪೇಟೆಗೆ ಹೋಗುವುದೇ ಬೇಡ. ಅದನ್ನು ಡಿಜಿಟಲ್ ರೂಪದಲ್ಲಿ ಕೊಡುವ ಜೀವನ್ ಪ್ರಮಾಣ್ ವ್ಯವಸ್ಥೆ 2014ರ ನವೆಂಬರ್‌ನಲ್ಲಿಯೇ ಬಂತು. ನಿಮ್ಮ ಊರಿನ ಅಂಚೆಯವರಿಗೆ ಒಂದು ಮಾತು ಹೇಳಿದರೆ ಮನೆಗೇ ಬಂದು ಇಂಡಿಯಾ ಪೋಸ್ಟ್ ಪೇಮೆಂಟ್ಸ್ ಬ್ಯಾಂಕ್ ಮೂಲಕ ಮಾಡಿಕೊಡುತ್ತಾರೆ. ಶುಲ್ಕ 70 ರೂಪಾಯಿ. ಆಧಾರ್ ಸಂಖ್ಯೆ, ಪಿಪಿಒ (ಪಿಂಚಣಿ ಪಾವತಿ ಆದೇಶ) ಸಂಖ್ಯೆ, ಖಾತೆ ಸಂಖ್ಯೆ, ಮೊಬೈಲ್ ಇಷ್ಟು ಕೈಯಲ್ಲಿರಲಿ.

ತೋಟದಲ್ಲಿ ದುಡಿದವರ, ಅಡಿಕೆ ಸುಲಿದವರ ಬೆರಳಚ್ಚು ಸವೆದಿರುತ್ತದೆ. ಯಂತ್ರ ಮತ್ತೆ ಮತ್ತೆ ತಿರಸ್ಕರಿಸುತ್ತದೆ, ಅವರು ತಪ್ಪು ಮಾಡಿದವರಂತೆ ಮುಖ ಸಣ್ಣದು ಮಾಡಿಕೊಂಡು ಬೆರಳು ಒರೆಸಿಕೊಳ್ಳುತ್ತಾರೆ. ನೋಡಲು ಸಂಕಟವಾಗುತ್ತಿತ್ತು. 2021ರಲ್ಲಿ ಮುಖ ಗುರುತಿಸುವ ವಿಧಾನ ಬಂದ ಮೇಲೆ ಈ ಕಷ್ಟ ಬಹಳ ಕಡಿಮೆಯಾಗಿದೆ. ನೀವು ಊರಿಗೆ ಹೋದಾಗ ನಿಮ್ಮ ಆಂಡ್ರಾಯ್ಡ್ ಫೋನಿನಲ್ಲಿಯೇ ಮಾಡಬಹುದು, ಖರ್ಚಿಲ್ಲ: ಆಧಾರ್ ಫೇಸ್ ಆರ್‌ಡಿ ಮತ್ತು ಜೀವನ್ ಪ್ರಮಾಣ್ ಎಂಬ ಎರಡು ಆ್ಯಪ್ ಬೇಕು. ಅಮ್ಮನನ್ನು ಜಗಲಿಯಲ್ಲಿ, ಬೆಳಕು ಮುಖದ ಮೇಲೆ ಬೀಳುವಂತೆ, ಖಾಲಿ ಗೋಡೆಗೆ ಬೆನ್ನು ಮಾಡಿ ಕೂರಿಸಿ. ಕಣ್ಣು ಮಿಟುಕಿಸಲು ಹೇಳುತ್ತದೆ. ಬೆನ್ನ ಹಿಂದಿನಿಂದ ಬೆಳಕು ಬಂದರೆ ಕೆಲಸ ಕೆಡುತ್ತದೆ.

ಎಂಬತ್ತು ದಾಟಿದ ಕೇಂದ್ರ ಪಿಂಚಣಿದಾರರು ಅಕ್ಟೋಬರ್ 1ರಿಂದಲೇ ಸಲ್ಲಿಸಬಹುದು, ಉಳಿದವರು ನವೆಂಬರ್‌ನಲ್ಲಿ. ಮೊಬೈಲಿಗೆ ಸಂದೇಶ ಬಂತು ಎಂದು ಬಿಡಬೇಡಿ. ಕೆಲವು ದಿನ ಬಿಟ್ಟು, ಪಿಂಚಣಿ ಕೊಡುವ ಕಚೇರಿ ಅದನ್ನು ಸ್ವೀಕರಿಸಿದೆಯೇ ಎಂದು ಖಚಿತಪಡಿಸಿಕೊಳ್ಳಿ.

ತೊಗರಿಕಣಜ (ಕಲಬುರಗಿ)

ಇಲ್ಲಿ ಎಲ್ಲರೂ ಓದು ಬಲ್ಲವರ ಬಗ್ಗೆ ಬರೆದಿದ್ದೀರಿ. ನನ್ನ ಅಪ್ಪ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಅಕ್ಷರ ದೊಡ್ಡದು ಮಾಡಿದರೆ ಅವರಿಗೆ ಏನು ಬಂತು?

ಅವರಿಗೆ ದಾರಿಯಾದದ್ದು ಧ್ವನಿ. ಫೋನಿನಲ್ಲಿ ಪ್ರತಿಯೊಬ್ಬರ ಹೆಸರಿಗೂ ಅವರವರ ಫೋಟೊ ಇಟ್ಟೆ. ನನ್ನ ಮುಖ ಒತ್ತಿದರೆ ನನಗೆ ಕರೆ. ವಾಟ್ಸ್‌ಆ್ಯಪ್‌ನಲ್ಲಿ ಮೈಕ್ ಒತ್ತಿ ಹಿಡಿದು ಮಾತನಾಡಿ ಕಳುಹಿಸುತ್ತಾರೆ. ಎಮ್ಮೆ ಕರು ಹಾಕಿತು, ಬೋರ್‌ವೆಲ್ ಮೋಟರ್ ಸುಟ್ಟಿತು, ಎಲ್ಲವೂ ಅವರ ಬಾಯಿಂದಲೇ ಬರುತ್ತದೆ. ತೊಗರಿ ದರವನ್ನೂ ಫೋನಿಗೆ ಬಾಯಿಮಾತಿನಲ್ಲಿಯೇ ಕೇಳುತ್ತಾರೆ. ಮೊದಲು ದಲ್ಲಾಳಿ ಹೇಳಿದ್ದೇ ದರವಾಗಿತ್ತು.

ಚಿಕ್ಕಪ್ಪ ಇನ್ನೂ ಕೀಪ್ಯಾಡ್ ಫೋನ್ ಬಿಟ್ಟಿಲ್ಲ, ಬಿಡಿಸುವ ಅಗತ್ಯವೂ ಇಲ್ಲ. ಅಂಥ ಫೋನಿನಿಂದಲೂ ಕರೆ ಮಾಡಿ ಹಣ ಕಳುಹಿಸುವ ಯುಪಿಐ 123ಪೇ 2022ರಿಂದ ಇದೆ. ಒಮ್ಮೆ ಚಾರ್ಜ್ ಮಾಡಿದರೆ ದಿನಗಟ್ಟಲೆ ಬರುತ್ತದೆ, ಟಾರ್ಚ್ ಇದೆ, ರೇಡಿಯೊ ಇದೆ. ಹೊಸದು ಎಂಬ ಕಾರಣಕ್ಕೇ ಕೊಡಿಸಬೇಡಿ.

ತುಂಗಾತೀರ (ಬೆಂಗಳೂರು)

ಎಲ್ಲರಿಗೂ ಕೃತಜ್ಞತೆ. ಅಕ್ಕೋರ ಬರಹವನ್ನು ತಮ್ಮನಿಗೆ ಕಳುಹಿಸಿದೆ. ಆಮೇಲೆ ಇಬ್ಬರೂ ಊರಿಗೆ ಹೋಗಿ, ‘ನಿನಗೆ ದಿನಾ ಯಾವುದು ಕಷ್ಟ ಎನಿಸುತ್ತದೆ?’ ಎಂದು ಅಮ್ಮನನ್ನೇ ಕೇಳಿದೆವು. ಈ ಪ್ರಶ್ನೆ ಕೇಳಿದ ಮೇಲೆ ಅವರು ತುಂಬಾ ಮಾತನಾಡಿದರು.

ನಾವು ಮಾಡಿಕೊಂಡಿದ್ದ ಪಟ್ಟಿಗೂ ಅವರದಕ್ಕೂ ಬಹಳ ಅಂತರ. ಮೊದಲನೆಯದು ಬಚ್ಚಲಿನ ದಾರಿಯ ಕತ್ತಲೆ. ಎರಡನೆಯದು ಗ್ಯಾಸ್: ಒಲೆ ಆರಿಸಿದೆನೋ ಇಲ್ಲವೋ ಎಂದು ರಾತ್ರಿ ಎದ್ದು ಎದ್ದು ನೋಡುತ್ತಾರಂತೆ. ಮೂರನೆಯದು ಯಕ್ಷಗಾನ. ಮೇಳದ ಆಟಗಳು ಯೂಟ್ಯೂಬ್‌ನಲ್ಲಿ ಇಡೀ ರಾತ್ರಿಯದ್ದು ಸಿಗುತ್ತವೆ ಎಂದು ಪಕ್ಕದ ಮನೆಯವರು ಹೇಳಿದ್ದಾರೆ, ಅದನ್ನು ಟಿವಿಯಲ್ಲಿ ನೋಡಬೇಕು, ಆದರೆ ಭಾಗವತರ ಪದ ಕೇಳಿಸಬೇಕು. ಕಿವಿ ತೋರಿಸಿಕೊಳ್ಳಲು ಒಪ್ಪಿದ್ದು ಇದೇ ಕಾರಣಕ್ಕೆ! ನಮ್ಮ ಫೋನ್ ಕರೆಗಾಗಿ ಅಲ್ಲ ಎಂದು ತಮ್ಮ ಸ್ವಲ್ಪ ಮುನಿಸಿಕೊಂಡಿದ್ದಾನೆ.

ದೀಪಗಳನ್ನು ಅಂಟಿಸಿ ಆಯಿತು. ಫೈಬರ್ ಪಕ್ಕದ ಊರಿನವರೆಗೆ ಬಂದಿದೆ, ಅರ್ಜಿ ಕೊಟ್ಟಿದ್ದೇವೆ. ಕ್ಯಾಮೆರಾ ಒಂದೇ, ಜಗಲಿಯಲ್ಲಿ. ಅದಕ್ಕೆ ಅಮ್ಮ ಒಂದು ಷರತ್ತು ಹಾಕಿದರು: ಕೊಟ್ಟಿಗೆಯೂ ಕಾಣಬೇಕು, ಅದನ್ನು ಅವರೂ ತಮ್ಮ ಫೋನಿನಲ್ಲಿ ನೋಡುವಂತಿರಬೇಕು. ರಾತ್ರಿ ದನ ಕೂಗಿದರೆ ಎದ್ದು ಹೋಗದೆ ನೋಡಲು.

ಎರಡು ಪ್ರಶ್ನೆ ಉಳಿದಿವೆ. ಗ್ಯಾಸ್‌ಗೆ ಏನು ಮಾಡಬಹುದು? ಶ್ರವಣ ಯಂತ್ರ ಹಾಕಿಕೊಂಡು ಟಿವಿ ನೋಡಿದರೆ ಪದ ಸ್ಪಷ್ಟವಾಗಿ ಕೇಳುತ್ತದೆಯೇ?

ಬಿಸಿಲುಮಳೆ (ಸಾಗರ)

ಗ್ಯಾಸ್ ಸೋರಿದರೆ ಕೂಗುವ ಯಂತ್ರ ಸಿಗುತ್ತದೆ. ಎಲ್‌ಪಿಜಿ ಗಾಳಿಗಿಂತ ಭಾರ, ನೆಲದಲ್ಲಿ ಹರಡುತ್ತದೆ. ಆದ್ದರಿಂದ ಅದನ್ನು ನೆಲದ ಸಮೀಪ ಹಾಕಬೇಕು, ಮೇಲೆ ಹಾಕಿದರೆ ಪ್ರಯೋಜನವಿಲ್ಲ. ಜ್ವಾಲೆ ಆರಿದ ಕೂಡಲೇ ಗ್ಯಾಸನ್ನು ತಾನೇ ನಿಲ್ಲಿಸುವ ಒಲೆಗಳೂ ಇವೆ. ಕೊಳ್ಳುವಾಗ ಅದನ್ನೇ ಕೇಳಿ ಕೊಳ್ಳಿ. ಚಹಾ, ಹಾಲು ಕಾಯಿಸುವುದಕ್ಕೆ ಇಂಡಕ್ಷನ್ ಒಲೆ ಇದ್ದರೆ ಸಮಯ ನಿಗದಿ ಮಾಡಿಟ್ಟು ಬಿಡಬಹುದು.

ಕೇಳುಗಿವಿ (ಮೈಸೂರು)

ಟಿವಿಯ ಸದ್ದನ್ನು ನೇರವಾಗಿ ಶ್ರವಣ ಯಂತ್ರಕ್ಕೆ ಕಳುಹಿಸುವ ಸಾಧನ ಹಲವು ಕಂಪನಿಗಳಲ್ಲಿ ಪ್ರತ್ಯೇಕವಾಗಿ ಸಿಗುತ್ತದೆ. ಯಂತ್ರ ಆಯ್ಕೆ ಮಾಡುವಾಗಲೇ ಅದು ಜೊತೆಯಾಗುತ್ತದೆಯೇ ಎಂದು ಕೇಳಿಕೊಳ್ಳಿ. ಚಂಡೆ ಮದ್ದಳೆಯ ಸದ್ದಿಗೆ ಪದ ಮುಚ್ಚಿಹೋಗುವುದುಂಟು. ಸಂಗೀತಕ್ಕೆಂದೇ ಬೇರೆ ಹೊಂದಾಣಿಕೆ ಮಾಡಿಕೊಡಲು ಬರುತ್ತದೆ. ಪರೀಕ್ಷೆಗೆ ಹೋಗುವಾಗ ಅಮ್ಮನಿಗೆ ಇಷ್ಟವಾದ ಒಂದು ಆಟದ ವೀಡಿಯೊವನ್ನು ಫೋನಿನಲ್ಲಿ ಇಳಿಸಿಕೊಂಡು ಹೋಗಿ. ಯಂತ್ರ ಹಾಕಿದ ಮೇಲೆ ಅದನ್ನೇ ಕೇಳಿಸಿ, ಅಮ್ಮ ಸಾಕು ಎನ್ನುವವರೆಗೆ ಹೊಂದಿಸಲು ತಜ್ಞರಿಗೆ ಹೇಳಿ.